ನನ್ನ ಬ್ಲಾಗಿನ ಮೊದಲ ಹಿತೈಷಿ

ಇಪ್ಪತ್ತೆರಡು ವರ್ಷಗಳಿಂದ ಹತ್ತನೆಯ ತರಗತಿಗೆ ಬೆಳಕಿನ ವಕ್ರೀಭವನ ಕಲಿಸುತ್ತಿರುವ ಮನುಷ್ಯನಿಗೆ ಒಂದು ಬ್ಲಾಗು ಕಟ್ಟುವುದು ಯಾವ ದೊಡ್ಡ ಕೆಲಸ? ಹೀಗೆಂದು ನಾನು ಭಾವಿಸಿದ್ದೆ. ಭಾವಿಸಿ ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು. ಬೀದರಿನ ನೌಬಾದದ ನಮ್ಮ ಓಣಿಯಲ್ಲಿ ನಾಲ್ಕು ಮನೆಗೆ ಹೋಗಿ ಹೇಳಿಯೂ ಬಂದೆ.

ನನಗೆ ಬರೆಯುವ ಚಟ ಇದೆ. ಓದುವ ಚಟ ಇರುವವರು ಮಾತ್ರ ಸಿಕ್ಕಿರಲಿಲ್ಲ. ಚರ್ಚಿನ ವಾರ್ಷಿಕ ಸಂಚಿಕೆಗೆ ‘ಬೀದರ ಕೋಟೆಯ ಮೇಲೆ ಬೀಸುವ ಗಾಳಿ’ ಎಂಬ ಎಂಟು ಪುಟದ ಲೇಖನ ಕೊಟ್ಟಿದ್ದೆ. ಅವರು ಅದರಲ್ಲಿ ನಾಲ್ಕು ಸಾಲು ಉಳಿಸಿಕೊಂಡು, ಮಿಕ್ಕ ಜಾಗಕ್ಕೆ ಸಂಡೇ ಸ್ಕೂಲ್ ಮಕ್ಕಳ ಫೋಟೋ ಹಾಕಿದರು. ಎಂಟು ಪುಟದ ಗಾಳಿ ನಾಲ್ಕು ಸಾಲಿಗೆ ಇಳಿದರೆ ಅದು ಗಾಳಿಯೇ? ಇನ್ನು ಮೇಲೆ ನನ್ನ ಬರಹಕ್ಕೆ ನಾನೇ ಸಂಪಾದಕ ಎಂದು ಅಂದೇ ತೀರ್ಮಾನಿಸಿದೆ.

ಈ ತೀರ್ಮಾನವನ್ನು ಹೆಂಡತಿಗೆ ತಿಳಿಸಿದೆ. ಸುಗುಣಾ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಒಂದಿಡೀ ವಾರ್ಡನ್ನು ಬರೀ ಹುಬ್ಬು ಏರಿಸಿ ನಿಭಾಯಿಸುವ ಹೆಂಗಸು.

“ಪುಕ್ಕಟೆ ಬ್ಲಾಗ್ ಕೊಡೋ ಸೈಟ್ ಭಾಳ ಅವ ಅಂತಾರಲ್ರಿ. ಅದ್ರಾಗ ಬರೀರಿ. ಕಟ್ಟೋದು ಎದಕ್ಕ?” ಎಂದಳು.

“ಅದು ಬಾಡಗಿ ಮನಿ ಸುಗುಣಾ. ಗ್ವಾಡಿಗಿ ಮೊಳಿ ಹೊಡೀಲಕ್ಕೂ ಮಾಲಕನ್ನ ಕೇಳ್ಬೇಕು. ನಾನು ಸ್ವಂತ ಮನಿ ಕಟ್ತೇನಿ.”

“ಹೋದ ವರ್ಷ ಬಚ್ಚಲದ ನಳ ನೀವೇ ಕೂಡ್ಸಿದ್ರಿ. ಇವತ್ತಿಗೂ ಬಿಸಿನೀರು ತಿರುವಿದ್ರ ಅಡಗಿಮನ್ಯಾಗ ಬರ್ತದ.”

ದೊಡ್ಡ ಕೆಲಸಕ್ಕೆ ಕೈ ಹಾಕುವವರು ಇಂಥ ಮಾತಿಗೆ ಕಿವಿಗೊಡಬಾರದು. ಕೊಡಲಿಲ್ಲ.

ನಾನು ಆರಿಸಿಕೊಂಡದ್ದು ಒಂದು ಓಪನ್ ಸೋರ್ಸ್ ಫ್ರೇಮ್‌ವರ್ಕ್. ಫ್ರೇಮ್‌ವರ್ಕ್ ಎಂದರೆ ಕಂಬ, ತೊಲೆ, ಬಾಗಿಲಿನ ಚೌಕಟ್ಟು ಎಲ್ಲ ಮೊದಲೇ ತಯಾರಿರುವ ಸರಂಜಾಮು. ನಾವು ಗೋಡೆ ಎಬ್ಬಿಸಿ ಸುಣ್ಣ ಬಳಿದರೆ ವೆಬ್‌ಸೈಟು. ಓಪನ್ ಸೋರ್ಸ್ ಎಂದರೆ ಜಗತ್ತಿನ ಯಾರ್ಯಾರೋ ಸೇರಿ ಬರೆದು, ಬೇಕಾದವರು ಒಯ್ಯಿರಿ ಎಂದು ಬಾಗಿಲು ತೆರೆದಿಟ್ಟದ್ದು. ಅದಕ್ಕೆ ಮಾಲಕನಿಲ್ಲ. ಕೆಟ್ಟರೆ ಬೈಯಲಿಕ್ಕೂ ಯಾರೂ ಇಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

‘ಹತ್ತು ನಿಮಿಷದಲ್ಲಿ ನಿಮ್ಮ ಮೊದಲ ಬ್ಲಾಗು’ ಎಂದು ಪಾಠದ ತಲೆಬರಹವಿತ್ತು. ದಸರೆ ರಜೆಯ ಮೊದಲ ದಿನ ಬೆಳಿಗ್ಗೆ ಸ್ನಾನ ಮಾಡಿ, ಪ್ರಾರ್ಥನೆ ಮಾಡಿ ಕುಳಿತೆ. ಆ ಹತ್ತು ನಿಮಿಷ ಮುಗಿದದ್ದು ಕ್ರಿಸ್‌ಮಸ್ ರಜೆಯಲ್ಲಿ!

ಒಂದು ಅಲ್ಪವಿರಾಮ ಬಿಟ್ಟರೆ ಪರದೆ ತುಂಬ ಕೆಂಪು ಅಕ್ಷರ. ಸಾಲಿನ ಮುಂದೆ ನಾಲ್ಕು ಖಾಲಿ ಜಾಗ ಬಿಡಬೇಕಾದಲ್ಲಿ ಮೂರು ಬಿಟ್ಟೆನೆಂದು ಫ್ರೇಮ್‌ವರ್ಕ್ ಮೂರು ದಿನ ಹಟ ಹಿಡಿದು ಕೂತಿತು. ನಾನೂ ಮಾಸ್ತರನೇ. ಯಾವ ಹುಡುಗನ ಉತ್ತರಪತ್ರಿಕೆಯಲ್ಲೂ ಖಾಲಿ ಜಾಗಕ್ಕೆ ಅಂಕ ಕಳೆದವನಲ್ಲ. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ‘ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಿ’ ಎಂದು ಅದೇ ಹೇಳಿತು. ಹಾಕಿಕೊಂಡೆ. ಸರಿಯಿದ್ದದ್ದೂ ಕೆಟ್ಟಿತು. ಸಹಾಯದ ವೇದಿಕೆಯಲ್ಲಿ ನನ್ನ ಕಷ್ಟ ತೋಡಿಕೊಂಡರೆ ಯಾವುದೋ ದೇಶದ ಪುಣ್ಯಾತ್ಮ ಎರಡೇ ಪದದ ಉತ್ತರ ಕೊಟ್ಟ: ‘ಕೈಪಿಡಿ ಓದಿ.’ ಓದಿದೆ. ಅದರ ಪ್ರತಿ ಪುಟವೂ ‘ನಿಮಗೆ ಈಗಾಗಲೇ ತಿಳಿದಿರುವಂತೆ’ ಎಂದು ಶುರುವಾಗುತ್ತಿತ್ತು. ತಿಳಿದಿದ್ದರೆ ನಾನೇಕೆ ಓದುತ್ತಿದ್ದೆ!

ಸುಗುಣಾ ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದಳು.

“ಪೇಶಂಟ್ ಹ್ಯಾಂಗ ಅದಾನ್ರಿ?”

“ಇವತ್ತು ಕಣ್ಣು ಬಿಟ್ಟಾನ.”

“ನಿನ್ನಿನೂ ಬಿಟ್ಟಿದ್ದ.”

ಅಂತೂ ‘ನೌಬಾದ ನೋಟ’ ಎಂಬ ನಾಮಧೇಯದಿಂದ ನನ್ನ ಬ್ಲಾಗು ಲೋಕಾರ್ಪಣೆಗೊಂಡಿತು. ಕೋಟೆಯ ಗಾಳಿ ಎಂಟು ಪುಟವೂ ಬೀಸಿತು. ಪ್ರತಿ ಬರಹದ ಕೆಳಗೆ ‘ನಿಮ್ಮ ಅಭಿಪ್ರಾಯ ತಿಳಿಸಿರಿ’ ಎಂಬ ಒಂದು ಚೌಕವನ್ನು ನಾನೇ ಕಟ್ಟಿದ್ದೆ. ನನ್ನ ಇಡೀ ಮನೆಯಲ್ಲಿ ನನಗೆ ಹೆಚ್ಚು ಹೆಮ್ಮೆಯ ಭಾಗ ಅದೇ. ಮೂರು ತಿಂಗಳಾದರೂ ಅದರಲ್ಲಿ ಯಾರೂ ಏನನ್ನೂ ತಿಳಿಸಲಿಲ್ಲ. ವಾರಕ್ಕೆ ಹನ್ನೊಂದು ಸಲ ಯಾರೋ ಬಂದು ನೋಡಿಹೋಗುತ್ತಿದ್ದರು. ಕೂತು ನೆನಪು ಮಾಡಿಕೊಂಡರೆ ಹನ್ನೊಂದು ಸಲವೂ ನಾನೇ.

ಇಷ್ಟರಲ್ಲಿ ನನ್ನ ನಾದಿನಿಯ ಮದುವೆ ಗೊತ್ತಾಯಿತು.

ಶಾಂತಾ ಸುಗುಣಾಳ ತಂಗಿ. ಔರಾದಿನಲ್ಲಿ ಸಾಲೆ ಟೀಚರ್. ನನ್ನನ್ನು ಮಾಮಾ ಎನ್ನುತ್ತಾಳೆ, ನನ್ನ ಜೋಕಿಗೆ ನಗುವ ಒಬ್ಬಳೇ ಮನುಷ್ಯಳು. ನಾಲ್ಕು ವರ್ಷದ ಹಿಂದೆ ಅವಳಿಗೆ ಒಂದು ಸಂಬಂಧ ಗಟ್ಟಿಯಾಗಿತ್ತು. ಗಂಡಿನ ಮನೆಗೆ ಒಂದು ಪತ್ರ ಬಂತು. ಹುಡುಗಿಯ ಬಗ್ಗೆ ಇಲ್ಲಸಲ್ಲದ್ದನ್ನೆಲ್ಲ ಬರೆದು, ಸಹಿ ಮಾಡುವ ಜಾಗದಲ್ಲಿ ‘ಒಬ್ಬ ಹಿತೈಷಿ’ ಎಂದಿತ್ತು. ನಮ್ಮ ಕಡೆ ಮದುವೆ ಮುರಿಯುವವರೆಲ್ಲ ಹಿತೈಷಿಗಳೇ. ಆ ಮದುವೆ ಮುರಿಯಿತು. ಬರೆದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅಂದಿನಿಂದ ಶಾಂತಾ ಮದುವೆಯ ಮಾತು ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಈಗ ಮೂವತ್ತನಾಲ್ಕಕ್ಕೆ, ಭಾಲ್ಕಿಯ ಸುಧೀರ ಎಂಬ ಲ್ಯಾಬ್ ಟೆಕ್ನಿಶಿಯನ್‌ನನ್ನು ಒಪ್ಪಿದ್ದಳು. ಸುಧೀರ ಬಂಗಾರದಂಥ ಹುಡುಗ. ಅವನ ತಾಯಿ ಎಸ್ತೇರಮ್ಮ ನಿವೃತ್ತ ಹೆಡ್‌ಮಿಸ್ಟ್ರೆಸ್. ನಾವು ಕಳಿಸಿದ ಲಗ್ನಪತ್ರಿಕೆಯ ಕರಡನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದವರು.

ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಚರ್ಚಿನಲ್ಲಿ ಗಂಡು ಹೆಣ್ಣಿನ ಹೆಸರು ಓದಿ, ‘ಯಾರಿಗಾದರೂ ಆಕ್ಷೇಪಣೆ ಇದ್ದರೆ ತಿಳಿಸಿರಿ’ ಎಂದು ಸಭೆಯನ್ನು ಕೇಳುವುದು ಪದ್ಧತಿ. ಈಸ್ಟರ್ ಮುಗಿದ ಬೆನ್ನಿಗೆ ಔರಾದಿನ ಚರ್ಚಿನಲ್ಲಿ ಓದಲು ಶುರು ಮಾಡುವುದೆಂದಾಯಿತು. ಆಗ ನನ್ನ ತಲೆಗೆ ಒಂದು ಯೋಚನೆ ಬಂತು. ಆ ಪ್ರಕಟಣೆಯನ್ನು ನನ್ನ ಬ್ಲಾಗಿನಲ್ಲೂ ಹಾಕಿದರೆ ಹೇಗೆ?

“ಪಾಸ್ಟರ್ ಓದ್ತಾರಲ್ರಿ. ಸಾಕಾಗಂಗಿಲ್ಲೇನು?” ಎಂದಳು ಸುಗುಣಾ.

“ದೂರದ ಬೀಗರಿಗಿ ಹ್ಯಾಂಗ ಗೊತ್ತಾಗಬೇಕು?”

ಫೋನಿನ ಆ ಕಡೆಯಿಂದ ಶಾಂತಾ ನಕ್ಕು ನನ್ನ ಪರ ನಿಂತಳು. “ಹಾಕ್ಲಿ ಬಿಡಕ್ಕಾ. ಹ್ಯಾಂಗೂ ಯಾರೂ ಓದಂಗಿಲ್ಲ.”

ಅನುಮತಿ ಸಿಕ್ಕಿತೆಂದು ತಿಳಿದೆ. ಮೊದಲ ಪ್ರಕಟಣೆಯ ಭಾನುವಾರ ಆರಾಧನೆಯಿಂದ ಬಂದವನೇ ಲ್ಯಾಪ್‌ಟಾಪ್ ತೆರೆದು, ‘ಈ ವಿವಾಹದ ಕುರಿತು ಯಾರಿಗಾದರೂ ಆಕ್ಷೇಪಣೆ ಇದ್ದಲ್ಲಿ ತಿಳಿಸತಕ್ಕದ್ದು’ ಎಂದು ವಿಧಿವತ್ತಾಗಿ ಬರೆದೆ. ಕೆಳಗೆ ನನ್ನ ಹೆಮ್ಮೆಯ ಚೌಕ ಖಾಲಿ ಕೂತಿತ್ತು. ಅದು ಕೆಲಸ ಮಾಡುತ್ತದೋ ಇಲ್ಲವೋ? ವಿಜ್ಞಾನದ ಮಾಸ್ತರ ಪ್ರಯೋಗ ಮಾಡದೆ ಏನನ್ನೂ ನಂಬಬಾರದು. ಪರೀಕ್ಷೆಗೆಂದು ಏನಾದರೂ ಬರೆಯಬೇಕಲ್ಲ, ಏನು ಬರೆಯಲಿ? ‘ಪ್ರಶ್ನೆಗೆ ತಕ್ಕಂತೆ ಪೂರ್ಣ ವಾಕ್ಯದಲ್ಲಿ ಉತ್ತರಿಸಿರಿ’ ಎಂದು ಇಪ್ಪತ್ತೆರಡು ವರ್ಷ ಮಕ್ಕಳಿಗೆ ಹೇಳಿದವನು ನಾನು. ಬೆರಳು ತಾನಾಗಿ ಬರೆಯಿತು: ‘ನನಗೆ ಆಕ್ಷೇಪಣೆ ಇದೆ. ಕಾರಣಗಳನ್ನು ಮುಂದೆ ತಿಳಿಸುತ್ತೇನೆ.’

ಹೆಸರಿನ ಜಾಗ ಖಾಲಿ ಬಿಟ್ಟರೆ ಫ್ರೇಮ್‌ವರ್ಕ್ ಒಪ್ಪುವುದಿಲ್ಲ. ನನ್ನ ಹೆಸರು ಹಾಕಿದರೆ ತನ್ನ ಬ್ಲಾಗಿಗೆ ತಾನೇ ಬರೆದುಕೊಂಡ ಎಂದಾರು. ಆಕ್ಷೇಪಣೆ ಬರೆದ ಬೆರಳು ಅದರ ಬೆನ್ನಿಗೆ ಬರುವ ಹೆಸರನ್ನೂ ಬರೆದುಬಿಟ್ಟಿತು. ‘ಒಬ್ಬ ಹಿತೈಷಿ.’

ಚೌಕ ಕೆಲಸ ಮಾಡಿತು! ಚಪ್ಪಾಳೆ ಹೊಡೆದೆ. ಇನ್ನೇನು ಅಳಿಸಬೇಕು, ಅಷ್ಟರಲ್ಲಿ ಸುಗುಣಾ ಊಟಕ್ಕೆ ಕರೆದಳು. ಜೋಳದ ರೊಟ್ಟಿ, ಪುಂಡಿ ಪಲ್ಯ. ಉಂಡು ಬಂದು, ಹೊಟ್ಟೆ ತುಂಬಿದ ಸಂತೋಷದಲ್ಲಿ ಎಲ್ಲವನ್ನೂ ಇಂಟರ್‌ನೆಟ್ಟಿಗೆ ಏರಿಸಿ, ಮದುವೆಯ ವಾಟ್ಸಾಪ್ ಗುಂಪಿಗೆ ಲಿಂಕು ಕಳಿಸಿ ಮಲಗಿದೆ. ಆ ಗುಂಪಿನಲ್ಲಿ ಭಾಲ್ಕಿಯವರೂ ಇದ್ದರು.

ಸಂಜೆ ಐದಕ್ಕೆ ಶಾಂತಾಳ ಫೋನು.

“ಮಾಮಾ, ನಿಮ್ಮ ಬ್ಲಾಗ್ ಓದಿದೆ.”

“ಹ್ಯಾಂಗದ?” ಎಂದೆ, ಉತ್ಸಾಹದಿಂದ.

“ಹಿತೈಷಿ ಮತ್ತ ಬಂದಾನ ಮಾಮಾ.” ಅವಳ ದನಿ ಸತ್ತುಹೋಗಿತ್ತು. “ನಾಲ್ಕು ವರ್ಷ ಆದ್ರೂ ಅಂವ ನನ್ನ ಬಿಟ್ಟಿಲ್ಲ. ಭಾಲ್ಕಿಯವರೂ ನೋಡ್ಯಾರ.”

ನಾನು ಆಗಲೇ ಹೇಳಬೇಕಿತ್ತು. ಒಂದೇ ವಾಕ್ಯ. ಹೇಳಲಿಲ್ಲ. ನಾಚಿಕೆಯೋ ಹೆದರಿಕೆಯೋ, ಗಂಟಲಿನಿಂದ ಹೊರಟದ್ದು ಬೇರೆಯೇ ಮಾತು. “ಏನೋ ತಾಂತ್ರಿಕ ದೋಷ ಇರ್ಬೇಕವ್ವಾ. ಸರಿ ಮಾಡ್ತೇನಿ.” ಫೋನಿಟ್ಟು ಲ್ಯಾಪ್‌ಟಾಪಿನಲ್ಲಿ ಹಿತೈಷಿಯನ್ನು ಅಳಿಸಿದೆ. ಮತ್ತೆ ತೆರೆದು ನೋಡಿದೆ. ಇರಲಿಲ್ಲ. ‘ತಾಂತ್ರಿಕ ದೋಷವನ್ನು ಸರಿಪಡಿಸಲಾಗಿದೆ’ ಎಂದು ಗುಂಪಿಗೆ ಅಧಿಕೃತವಾಗಿ ತಿಳಿಸಿದೆ.

ಮರುದಿನ ಸುಗುಣಾ ಡ್ಯೂಟಿಯಿಂದ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ.

“ಇನ್ನೂ ಅದರಿ ಅದು! ನನ್ನ ಫೋನಿನ್ಯಾಗ ಬರೋಬರ ಕಾಣ್ತದ. ಇದು ಬ್ಯಾರೆ ಯಾರದೂ ಕೆಲಸ ಅಲ್ಲ. ಕಮಲನಗರದ ದೇವದಾಸಂದು. ಮಾತುಕತಿಗಿ ಕರೀಲಿಲ್ಲಂತ ಸಿಟ್ಟು ಅವಂಗ.”

ದೇವದಾಸ ಅವಳ ದೊಡ್ಡಪ್ಪನ ಮಗ.

“ಏ, ದೇವದಾಸ ಇರ್ಲಿಕ್ಕಿಲ್ಲ ಬಿಡು,” ಎಂದೆ.

“ನಿಮಗ ಹ್ಯಾಂಗ ಗೊತ್ತು?”

ಈ ಪ್ರಶ್ನೆಗೆ ನನ್ನ ಬಳಿ ಪೂರ್ಣ ವಾಕ್ಯದ ಉತ್ತರವಿತ್ತು. ಚಹಾ ಕುಡಿದೆ.

“ಅಂವ ಯಾರೇ ಇರ್ಲಿ, ನನ್ನ ಕೈಗಿ ಸಿಗ್ಲಿ. ವಾರ್ಡಿನ್ಯಾಗ ದಪ್ಪಂದು ಒಂದು ಸೂಜಿ ತೆಗೆದಿಟ್ಟೀನಿ,” ಎಂದು ಹೇಳಿ ಅವಳು ದೇವದಾಸನಿಗೆ ಫೋನು ಹಚ್ಚಿದಳು. ಹತ್ತು ನಿಮಿಷ ಬೈದಳು. ಮದುವೆಗೆ ಬರುವುದಿರಲಿ, ನಿಮ್ಮ ಹೊಸ್ತಿಲೂ ತುಳಿಯುವುದಿಲ್ಲ ಎಂದು ಅವನು ಫೋನು ಕುಕ್ಕಿದ. ಪಾಪ, ಅವನಿಗೆ ಕನ್ನಡದಲ್ಲಿ ಟೈಪ್ ಮಾಡಲಿಕ್ಕೂ ಬರುವುದಿಲ್ಲ. ಮರಾಠಿ ಸಾಲೆಯಲ್ಲಿ ಓದಿದವನು.

ಬುಧವಾರ ಭಾಲ್ಕಿಯಿಂದ ಕರೆ ಬಂತು. ಎಸ್ತೇರಮ್ಮನವರು ನನ್ನನ್ನು ಕಾಣಬೇಕಂತೆ. ಸಾಕ್ಷಿ ಇರಲಿ ಎಂದು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಅವರ ಮನೆಯ ಪಡಸಾಲೆಯಲ್ಲಿ ಅವಲಕ್ಕಿ ಚೂಡಾದ ತಟ್ಟೆ ಮುಂದಿಟ್ಟರು. ನಾನು ಲ್ಯಾಪ್‌ಟಾಪ್ ಬಿಚ್ಚಿ ಬ್ಲಾಗು ತೆರೆದು, “ನೋಡ್ರಿ ಮೇಡಂ, ಏನೂ ಇಲ್ಲ,” ಎಂದೆ ಗಂಭೀರವಾಗಿ.

ಅವರು ತಮ್ಮ ಫೋನು ತೆರೆದು ಅದರ ಪಕ್ಕಕ್ಕೆ ಇಟ್ಟರು. ಹಿತೈಷಿ ಇದ್ದ.

“ನಿಮ್ಮ ಲ್ಯಾಪ್‌ಟಾಪ್ ನಿಮಗ ಹ್ಯಾಂಗ ಬೇಕೋ ಹಾಂಗ ತೋರ್ಸ್ತದೇನ್ರಿ ಮಾಸ್ತರ?”

ಆ ಪಡಸಾಲೆಯಲ್ಲಿ, ಬಾಯಲ್ಲಿ ಚೂಡಾ ಇರುವಾಗ, ನನಗೆ ಜ್ಞಾನೋದಯವಾಯಿತು. ಲ್ಯಾಪ್‌ಟಾಪಿನೊಳಗಿನ ಬ್ಲಾಗು ಬೇರೆ, ಇಂಟರ್‌ನೆಟ್ಟಿಗೆ ಏರಿಸಿದ ಬ್ಲಾಗು ಬೇರೆ. ನಕ್ಷೆಯಲ್ಲಿ ಬಾಗಿಲು ಅಳಿಸಿದರೆ ಕಟ್ಟಿದ ಮನೆಯ ಬಾಗಿಲು ಹೋಗುವುದಿಲ್ಲ! ಕೈಪಿಡಿಯಲ್ಲಿ ಇದೂ ‘ನಿಮಗೆ ಈಗಾಗಲೇ ತಿಳಿದಿರುವಂತೆ’ ಎಂಬಲ್ಲಿ ಇತ್ತೇನೋ.

“ಬರವಣಿಗಿ ನೋಡ್ದೆ,” ಎಂದರು ಎಸ್ತೇರಮ್ಮ ಕನ್ನಡಕ ಏರಿಸಿ. “ಒಂದೂ ತಪ್ಪಿಲ್ಲ. ಪೂರ್ಣ ವಾಕ್ಯ. ಇಂಥಾ ಪತ್ರ ಬರೆಯೋ ಮಂದಿ ಹಿಂಗ ಬರೆಯಂಗಿಲ್ರಿ. ಇದು ಮಾಸ್ತರನ ಕೈ.”

ಚೂಡಾದ ಶೇಂಗಾ ಗಂಟಲಲ್ಲಿ ಸಿಕ್ಕಿಕೊಂಡಿತು. ಅವರೇ ನೀರು ಕೊಟ್ಟರು.

“ನನ್ನ ಮಗ ಒಂದೇ ಮಾತು ಅಂತಾನ, ಶಾಂತಾನ್ನ ಬಿಡಂಗಿಲ್ಲಂತ. ನಾನೂ ಬಿಡು ಅನ್ನಂಗಿಲ್ಲ. ಆದ್ರ ಬರವಣಿಗಿಯಾಗ ಆಕ್ಷೇಪಣಿ ಬಂದ ಮ್ಯಾಲ ಅದು ಇತ್ಯರ್ಥ ಆಗೋತನಕ ಮದವಿ ಮಾಡ್ಸಂಗಿಲ್ಲಂತ ಪಾಸ್ಟರ್ ಹೇಳ್ಯಾರ. ಬರೆದವರು ಎದುರಿಗಿ ಬರ್ಬೇಕು. ಬರ್ತಾರೇನ್ರಿ ಅಂಥವರು?”

“ಬರ್ಲಿಕ್ಕಿಲ್ಲ,” ಎಂದೆ. ಎದುರಿಗೇ ಕೂತು.

ಬೀದರಿಗೆ ಬಂದವನೇ ಹಟದಿಂದ ಇಂಟರ್‌ನೆಟ್ಟಿನ ಬ್ಲಾಗಿನೊಳಕ್ಕೆ ಹೊಕ್ಕೆ. ಸಿಟ್ಟಿನಲ್ಲಿ ಹಿತೈಷಿಯ ಜೊತೆಗೆ ಇನ್ನೂ ಏನೇನೋ ಅಳಿಸಿದೆ. ಇಡೀ ಬ್ಲಾಗು ಕುಸಿದು ಬಿತ್ತು. ಬಿಳಿ ಪರದೆ, ನಡುವೆ ‘ಒಳಗೇನೋ ತಪ್ಪಾಗಿದೆ’ ಎಂಬ ಅರ್ಥದ ಒಂದು ಸಾಲು. ಬ್ಲಾಗಿಲ್ಲದ ಮೇಲೆ ಹಿತೈಷಿ ಎಲ್ಲಿ? ಬುದ್ಧಿ ಇದ್ದವನು ಅಲ್ಲಿಗೆ ದೇವರಿಗೆ ಸ್ತೋತ್ರ ಹೇಳಿ ಏಳುತ್ತಿದ್ದ.

ನನ್ನ ಎಂಟು ಪುಟದ ಗಾಳಿಯೂ ಹೋಗಿತ್ತಲ್ಲ! ಜೀವ ತಡೆಯಲಿಲ್ಲ. ನಾನು ಜಾಗರೂಕ ಮನುಷ್ಯ, ಭಾನುವಾರ ಎಲ್ಲವನ್ನೂ ಏರಿಸುವಾಗಲೇ ಒಂದು ನಕಲು ಪೆನ್‌ಡ್ರೈವಿನಲ್ಲಿ ಇಟ್ಟಿದ್ದೆ. ಅದನ್ನು ತಂದು ಏರಿಸಿದೆ. ಬ್ಲಾಗು ಎದ್ದು ಕೂತಿತು. ಗಾಳಿ ಬೀಸಿತು. ಭಾನುವಾರದ ನಕಲು ತಾನೇ? ಅದರೊಳಗಿದ್ದ ಹಿತೈಷಿಯೂ ಎದ್ದು ಕೂತ. ಸಾಲದ್ದಕ್ಕೆ, ನಾನು ಕಟ್ಟಿದ ಕಟ್ಟಡದ ಯಾವ ಗುಣವೋ ಕಾಣೆ, ಅವನ ಹೆಸರಿನ ಮುಂದೆ ಅಂದಿನ ತಾರೀಖು ಬಂದಿತ್ತು. ನೋಡಿದವರಿಗೆ ಹಿತೈಷಿ ಹೊಸದಾಗಿ ಇನ್ನೊಂದು ಸಲ ಬರೆದಂತೆ! ಮೂರನೆಯ ದಿನ ಎದ್ದು ಬಂದ ಎನ್ನಬಹುದಿತ್ತು, ಪಾಸ್ಟರ್ ಬೈದಾರೆಂದು ಬಿಟ್ಟಿದ್ದೇನೆ. ಮತ್ತೆ ಅಳಿಸಲು ಹೋದರೆ, ನಕಲಿನ ಜೊತೆ ಹಳೆಯ ಪಾಸ್‌ವರ್ಡೂ ಮರಳಿತ್ತೋ ಏನೋ, ಪಾಸ್‌ವರ್ಡ್ ತಪ್ಪು ಎಂದಿತು. ಐದು ಸಲ ತಪ್ಪೆಂದು ಹೇಳಿ, ಒಡೆಯನಾದ ನನ್ನನ್ನೇ ಹೊರಗೆ ಹಾಕಿ ಅಗಳಿ ಬಡಿಯಿತು. ಸ್ವಂತ ಮನೆ!

ಎರಡನೆಯ ಭಾನುವಾರ ನಾವಿಬ್ಬರೂ ಔರಾದಿಗೆ ಹೋದೆವು. ಭಾಲ್ಕಿಯಿಂದ ಎಸ್ತೇರಮ್ಮ, ಸುಧೀರ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಚರ್ಚಿನ ಬಾಗಿಲ ಬಳಿ ಶಾಂತಾ ನನ್ನ ಕೈ ಹಿಡಿದುಕೊಂಡಳು. ಎರಡು ದಿನದಿಂದ ನಿದ್ದೆ ಕಂಡ ಮುಖವಲ್ಲ.

“ಮಾಮಾ, ನಾನೇ ಬ್ಯಾಡಂತೀನಿ. ಸುಧೀರ ಅವರಿಗಿ ನನ್ನಿಂದ ಪರೇಶಾನಿ ಎದಕ್ಕ? ಮತ್ತ ಮತ್ತ ಬರೀತಾನ ಅಂವ. ಮದವಿ ಆದ ಮ್ಯಾಲೂ ಬಿಡಂಗಿಲ್ಲ.”

ನನ್ನ ಜೋಕಿಗೆ ನಗುವ ಒಬ್ಬಳೇ ಮನುಷ್ಯಳನ್ನು ನಾನೇ ಅಳಿಸಿದ್ದೆ. ಬಾಯಿ ತೆರೆದೆ, ಅಷ್ಟರಲ್ಲಿ ಗಂಟೆ ಹೊಡೆಯಿತು, ಎಲ್ಲರೂ ಒಳಗೆ ನಡೆದರು.

ಪಾಸ್ಟರ್ ಎರಡು ಹೆಸರನ್ನೂ ಓದಿದರು. ಕನ್ನಡಕದ ಮೇಲಿಂದ ಸಭೆಯನ್ನು ನೋಡಿ, ಎಂದಿಗಿಂತ ನಿಧಾನವಾಗಿ ಕೇಳಿದರು. “ಈ ವಿವಾಹಕ್ಕೆ ಯಾರಿಗಾದರೂ ಆಕ್ಷೇಪಣೆ ಇದ್ದರೆ ಈಗಲೇ ತಿಳಿಸಿರಿ.”

ನಾನು ಎದ್ದು ನಿಂತೆ.

ನಿಂತ ಮೇಲೆ ಹೊಳೆಯಿತು, ಈ ಪ್ರಶ್ನೆಗೆ ಎದ್ದು ನಿಲ್ಲುವುದೆಂದರೆ ಏನರ್ಥ ಎಂದು! ಇಡೀ ಸಭೆ ಹಿಂತಿರುಗಿ ನೋಡಿತು. ಹೆಣ್ಣಿನ ಸ್ವಂತ ಅಕ್ಕನ ಗಂಡ! ಯಾರೋ “ಅಯ್ಯ ದೇವ್ರೇ” ಎಂದರು. ಸುಗುಣಾ ನನ್ನ ಅಂಗಿಯ ಚುಂಗು ಹಿಡಿದು, “ಕೂಡ್ರಿ, ಏನ್ ಮಾಡ್ಲತ್ತೀರಿ, ಕೂಡ್ರಿ,” ಎಂದು ಎಳೆದಳು. ಗುಂಡಿ ಒಂದು ಕಿತ್ತು ಬಿತ್ತು.

“ಹಿತೈಷಿ ನಾನೇ ರೀ,” ಎಂದೆ.

ಸುಗುಣಾ ಅಂಗಿ ಬಿಟ್ಟುಬಿಟ್ಟಳು. ಮುಂದಿನ ಬೆಂಚಿನಲ್ಲಿ ಎಸ್ತೇರಮ್ಮ ನಿಧಾನವಾಗಿ ತಿರುಗಿದರು.

“ಕಾರಣಗಳನ್ನು ಮುಂದೆ ತಿಳಿಸುತ್ತೇನೆ ಅಂತ ಬರ್ದೀರಿ. ತಿಳಿಸ್ರಿ.”

ತಿಳಿಸಿದೆ. ಬೇರೆ ದಾರಿ ಇರಲಿಲ್ಲ. ಕೋಟೆಯ ಗಾಳಿಯಿಂದ ಶುರು ಮಾಡಿ ಫ್ರೇಮ್‌ವರ್ಕ್, ಚೌಕ, ಪೂರ್ಣ ವಾಕ್ಯ, ಪುಂಡಿ ಪಲ್ಯ, ಪೆನ್‌ಡ್ರೈವು, ಪಾಸ್‌ವರ್ಡ್ ಎಲ್ಲವನ್ನೂ ತುಂಬಿದ ಸಭೆಗೆ ನಿಂತು ಒಪ್ಪಿಸಿದೆ. ಪೆನ್‌ಡ್ರೈವಿನ ಹತ್ತಿರ ಬರುವಾಗ ಹಿಂದೆ ಯಾರದೋ ಕೂಸು ಅಳತೊಡಗಿತು. ಶಾಂತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ನಾನು ಮಾತು ನಿಲ್ಲಿಸಿ, “ತಪ್ಪಾಯ್ತವ್ವಾ ಶಾಂತಾ,” ಎಂದೆ. ನನ್ನ ಕಣ್ಣೂ ತುಂಬಿತ್ತು. ಅವಳು ಕೈ ತೆಗೆದಳು. ನಗುತ್ತಿದ್ದಳು! ಕಣ್ಣೀರು ಸುರಿಯುತ್ತಿತ್ತು, ನಗು ಮಾತ್ರ ನಿಲ್ಲುತ್ತಿರಲಿಲ್ಲ.

“ನೀವಾ ಮಾಮಾ? ನೀವಾ?” ಎಂದಳು. ಸುಧೀರ ನಕ್ಕ. ಆಮೇಲೆ ಸಭೆಯೇ ನಕ್ಕಿತು.

ಪಾಸ್ಟರ್ ಮಾತ್ರ ನಗಲಿಲ್ಲ. “ಆಕ್ಷೇಪಣೆ ಹಿಂದಕ್ಕೆ ತೆಗೆದುಕೊಳ್ಳುತ್ತೀರಾ?” ಎಂದು ವಿಧಿಪೂರ್ವಕ ಕೇಳಿದರು.

“ತಗೋತೀನ್ರಿ. ಇಂಟರ್‌ನೆಟ್ಟಿನಿಂದ ಹ್ಯಾಂಗ ತಗೋಬೇಕು, ಅದು ಮಾತ್ರ ಗೊತ್ತಿಲ್ರಿ.”

ಬೀದರಿನ ಮನೆಗೆ ಬಂದೊಡನೆ ಸುಗುಣಾ ದೇವದಾಸನಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ಅವನು ಹದಿನೈದು ನಿಮಿಷ ಬೈದ, ಮರಾಠಿಯಲ್ಲಿ, ಕನ್ನಡದಲ್ಲಿ, ಉರ್ದುವಿನಲ್ಲಿ. ಸೂಜಿಯ ವಿಷಯವನ್ನು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಈಗಲೂ ಅವಳ ಡ್ಯೂಟಿ ಚೀಲ ಸದ್ದು ಮಾಡಿದರೆ ನಾನು ಎದ್ದು ಕೂಡುತ್ತೇನೆ.

ಮದುವೆ ಚೆನ್ನಾಗಿ ಆಯಿತು. ‘ಹಿತೈಷಿ ಮಾಮಾ, ಊಟಕ್ಕ ಬರ್ರಿ’ ಎಂದು ಕಂಡಕಂಡವರೆಲ್ಲ ಕರೆದರು. ಎಸ್ತೇರಮ್ಮನವರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಲಕೋಟೆ ಕೊಟ್ಟರು. ನನ್ನ ಎಂಟು ಪುಟದ ಗಾಳಿಯನ್ನು ಅಚ್ಚು ಹಾಕಿಸಿ, ಕೆಂಪು ಶಾಯಿಯಲ್ಲಿ ತಿದ್ದಿದ್ದರು. ನಾನು ಬಿಟ್ಟರೆ ಅದನ್ನು ಪೂರ್ತಿ ಓದಿದ ಮೊದಲ ಮನುಷ್ಯರು! ಕೊನೆಯ ಪುಟ ತಿರುವಿದೆ. ‘ನಾಲ್ಕು ಸಾಲು ಸಾಕಿತ್ತು’ ಎಂದಿತ್ತು.

ಮೊನ್ನೆ ಬ್ಲಾಗಿಗೆ ಮೊದಲ ನಿಜವಾದ ಅಭಿಪ್ರಾಯ ಬಂದಿದೆ. ಬರೆದವನು ದೇವದಾಸ. ಮಗಳ ಕೈಯಲ್ಲಿ ಕನ್ನಡ ಟೈಪ್ ಮಾಡಿಸಿದ್ದಾನಂತೆ. ‘ಈ ಬ್ಲಾಗು ನಡೆಸುವುದಕ್ಕೆ ನನಗೆ ಆಕ್ಷೇಪಣೆ ಇದೆ. ಕಾರಣ ಎಲ್ಲರಿಗೂ ಗೊತ್ತು.’ ಕೆಳಗೆ ಪೂರ್ತಿ ಹೆಸರು, ಊರು.

ಅದನ್ನು ಅಳಿಸಲು ಮನಸ್ಸು ಬರಲಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ. ನಿಜ ಏನೆಂದರೆ, ಪಾಸ್‌ವರ್ಡ್ ಇನ್ನೂ ನೆನಪಾಗಿಲ್ಲ.